ಹೂ ಉದುರುವುದಕ್ಕೆ ಗೊಬ್ಬರ ಮದ್ದಲ್ಲ: ನಮ್ಮ ಕರಾವಳಿಯಲ್ಲಿ ಸಿಹಿ ಮೆಣಸು

ಅಕ್ಕಾ, ಫೋಟೊ ನೋಡಿದೆ. ಕದ್ರಿಯ ತಾರಸಿಯಲ್ಲಿ ಶಿಶಿಟೊ, ಕ್ಯೂಬನೆಲ್ ಎಂಬ ತೆಳು ಸಿಪ್ಪೆಯ ಉದ್ದ ಸಿಹಿ ಮೆಣಸಿನ ಗಿಡ ಎರಡೂ ಸೊಂಪಾಗಿವೆ. ಏಪ್ರಿಲ್ ಇಡೀ ಹೂ ಬಿಟ್ಟರೂ ಒಂದು ಕಾಯಿ ನಿಲ್ಲಲಿಲ್ಲ, ಯಾವ ಗೊಬ್ಬರ ಹಾಕಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ಈಗ ನೆಲಕಡಲೆ ಹಿಂಡಿಯ ನೀರು ಹೊಯ್ದರೆ ಎಲೆ ಇನ್ನೂ ಜಾಸ್ತಿ ಆಗುತ್ತದೆ, ಅಷ್ಟೇ.

ತೊಂದರೆ ಇರುವುದು ಸೆಕೆಯಲ್ಲಿ, ಅದರಲ್ಲೂ ರಾತ್ರಿಯ ಸೆಕೆಯಲ್ಲಿ. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗೆ ಇಳಿಯದಿದ್ದರೆ ಸಿಹಿ ಮೆಣಸಿನ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಿದ್ದ ಹೂವನ್ನು ಕೈಯಲ್ಲಿ ಹಿಡಿದು ನೋಡಿ. ತೊಟ್ಟು ಹಳದಿಯಾಗಿ, ಬುಡ ಬ್ಲೇಡಿನಿಂದ ಕುಯ್ದಷ್ಟು ನೀಟಾಗಿ ಕಳಚಿರುತ್ತದೆ. ಹುಳ ತಿಂದ ಗುರುತು ಇರುವುದಿಲ್ಲ. ಮಂಗಳೂರಿನ ಏಪ್ರಿಲ್ ರಾತ್ರಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಅದೂ ಅಲ್ಲದೆ ತಾರಸಿಯ ಕಾಂಕ್ರೀಟು ಹಗಲಿನ ಬಿಸಿಯನ್ನು ರಾತ್ರಿಯೂ ಬಿಡುತ್ತಾ ಇರುತ್ತದೆ.

ಹಾಗಂತ ಗಿಡ ಕೀಳಬೇಡಿ. ಮೆಣಸು ಒಂದೇ ಬೆಳೆಗೆ ಸಾಯುವ ಗಿಡ ಅಲ್ಲ. ಮಧ್ಯಾಹ್ನದ ಬಿಸಿಲು ತಪ್ಪುವ ಕಡೆಗೆ ಚಟ್ಟಿ ಸರಿಸಿ, ಇಲ್ಲವೇ 35ರಿಂದ 50 ಶೇಕಡಾ ನೆರಳಿನ ಬಲೆ ಕಟ್ಟಿ. ಬುಡಕ್ಕೆ ತರಗೆಲೆ ಹೊದಿಸಿ. ಮೇ ಕೊನೆಗೆ ಅರ್ಧಕ್ಕೆ ಸವರಿ, ಮಳೆ ನೇರ ಬೀಳದಂತೆ ಸಜ್ಜೆಯ ಅಡಿಗೆ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ಹೊರಗೆ ಬಿಟ್ಟರೆ ಬೇರು ಕೊಳೆಯುವುದು ಖಂಡಿತ. ಉಳಿದುಕೊಂಡ ಗಿಡ ಮಳೆ ಕಡಿಮೆಯಾದ ಮೇಲೆ ಮತ್ತೆ ಚಿಗುರುತ್ತದೆ.

ಹೊಸದಾಗಿ ಮಾಡುವುದಾದರೆ ಚೌತಿ ಕಳೆದ ಮೇಲೆ, ನವರಾತ್ರಿಯ ಒಳಗೆ ಬೀಜ ಹಾಕಿ. ಐದಾರು ವಾರದ ಸಸಿಯನ್ನು ದೀಪಾವಳಿ ಹೊತ್ತಿಗೆ ನೆಟ್ಟರೆ ಹೂ ಬಿಡುವ ಸಮಯ ಡಿಸೆಂಬರ್, ಜನವರಿಗೆ ಸಿಗುತ್ತದೆ. ನಮಗೆ ರಾತ್ರಿ ಸ್ವಲ್ಪ ತಂಪು ಇರುವುದು ಆಗ ಮಾತ್ರ. ಕ್ಯಾಪ್ಸಿಕಂಗೆ ಅದೂ ಸಾಲುವುದಿಲ್ಲ, ಅದರ ಆಸೆ ಬಿಡಿ ಮಾರಾಯ್ರೆ. ತೆಳು ಸಿಪ್ಪೆಯ ಉದ್ದ ಮೆಣಸುಗಳು ಅಷ್ಟು ನಾಜೂಕಲ್ಲ. ಕಳೆ ಬಾರದ ಚಟ್ಟಿಯೇ ಸುಲಭ: 12 ಇಂಚಿಗಿಂತ ಸಣ್ಣದು ಬೇಡ, ಒಂದಕ್ಕೆ ಒಂದೇ ಗಿಡ.

ಇನ್ನು ಕಟಪಾಡಿಯ ಅಣ್ಣ ಕೇಳಿದ್ದು: ಗುಳ್ಳ, ಅಂದರೆ ನಮ್ಮ ದುಂಡು ಬದನೆ, ಬೆಳೆದ ಜಾಗದಲ್ಲಿ ಸಿಹಿ ಮೆಣಸು ಹಾಕಬಹುದಾ? ಬೇಡ ಅಣ್ಣ. ಬದನೆ, ಟೊಮೆಟೊ, ಮೆಣಸು ಎಲ್ಲ ಒಂದೇ ಕುಟುಂಬ, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಮೂರಕ್ಕೂ ತಗಲುತ್ತದೆ. ಹುಳಿ ಮಣ್ಣು, ತೇವ, ಸೆಕೆ ಮೂರೂ ಸೇರಿದ ನಮ್ಮ ಊರು ಆ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಜಾಗ. ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಎಲೆ ಹಸಿರಿರುವಾಗಲೇ ಜೋತು ಬಿದ್ದರೆ ನೀರು ಹೊಯ್ಯುವ ಮೊದಲು ಒಂದು ಪರೀಕ್ಷೆ ಮಾಡಿ. ಬುಡದ ಕಾಂಡವನ್ನು ಎರಡು ಇಂಚು ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮಾತ್ರ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ಮದ್ದಿಲ್ಲ. ಗಿಡವನ್ನು ಬೇರು ಸಮೇತ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಖಾರದ ಮೆಣಸಾದರೆ ಕೇರಳ ಕೃಷಿ ವಿಶ್ವವಿದ್ಯಾಲಯದ ಉಜ್ವಲ ತಳಿ ಇದನ್ನು ತಡೆದುಕೊಳ್ಳುತ್ತದೆ. ಸಿಹಿ ಮೆಣಸಿಗೆ ಜಾಗ ಬದಲಿಸುವುದೇ ದಾರಿ.

ಮಣ್ಣಿಗೆ ನಮ್ಮ ಹಿರಿಯರ ಸುಡುಮಣ್ಣು ಬಹಳ ಒಳ್ಳೆಯದು. ತರಗೆಲೆ, ಮಣ್ಣು ಒಟ್ಟಿ ಸುಟ್ಟಾಗ ರೋಗದ ಬೀಜವೂ ಸಾಯುತ್ತದೆ, ಬೂದಿಯಿಂದ ಹುಳಿಯೂ ಇಳಿಯುತ್ತದೆ. ಅದಾಗದಿದ್ದರೆ ಸುಣ್ಣ ಬೆರೆಸಿ, ಎರಡು ವಾರ ಬಿಟ್ಟು ಹಟ್ಟಿಗೊಬ್ಬರ ಹಾಕಿ. ಎರಡೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಸುಮ್ನೆ ಗಾಳಿಗೆ ಹೋಗುತ್ತದೆ. ಕಾಯಿಯ ತುದಿ ಕಪ್ಪಾಗಿ ಕುಳಿ ಬೀಳುವುದಕ್ಕೂ ಸುಣ್ಣದ ಅಂಶ ಕಾಯಿಗೆ ತಲುಪದಿರುವುದೇ ಕಾರಣ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಿದರೆ ಹಾಗಾಗುತ್ತದೆ.

ಎಲೆ ಮುರುಟಿದರೆ ಯಾವ ಕಡೆಗೆ ಅಂತ ನೋಡಿ. ಅಂಚು ಮೇಲಕ್ಕೆ ಮಡಚಿದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೆಳಕ್ಕಾದರೆ ನುಸಿ. ಥ್ರಿಪ್ಸ್‌ಗೆ ಬೇವಿನೆಣ್ಣೆ, ಲೀಟರ್ ನೀರಿಗೆ 5 ಮಿ.ಲೀ., ಸ್ವಲ್ಪ ಸೋಪಿನ ನೀರು ಸೇರಿಸಿ ಸಂಜೆ ಹೊಡೆಯಿರಿ. ನುಸಿಗೆ ನೀರಲ್ಲಿ ಕರಗುವ ಗಂಧಕ. ಎರಡನ್ನೂ ಹತ್ತಿರ ಹತ್ತಿರ ಹೊಡೆದರೆ ಎಲೆ ಸುಡುತ್ತದೆ, ಎರಡು ವಾರ ಅಂತರ ಇರಲಿ.

ಪಕ್ಕದಲ್ಲಿ ಗಾಂಧಾರಿ ಮೆಣಸು ಇದ್ದರೆ ಸಿಹಿ ಮೆಣಸೂ ಖಾರ ಆಗುತ್ತದೆ ಎಂದು ಯಾರೋ ಬರೆದಿದ್ದಾರೆ. ಈ ಸಲದ ಕಾಯಿಗೆ ಏನೂ ಆಗುವುದಿಲ್ಲ. ಆ ಕಾಯಿಯ ಬೀಜ ಬಿತ್ತಿದರೆ ಮುಂದಿನ ಗಿಡದಲ್ಲಿ ಖಾರ ಬರಬಹುದು. ಬೀಜಕ್ಕೆ ಬೇಕಾದರೆ ಅರಳುವ ಮೊದಲೇ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ ದಾರದ ಗುರುತು ಹಾಕಿ. ಶಿಶಿಟೊದಲ್ಲಿ ಮಾತ್ರ ಗಾಂಧಾರಿ ಇಲ್ಲದೆಯೂ ಅಲ್ಲೊಂದು ಇಲ್ಲೊಂದು ಖಾರದ್ದು ಸಿಗುತ್ತದೆ, ನೀರು ಕಮ್ಮಿಯಾದರೆ ಇನ್ನೂ ಜಾಸ್ತಿ. ಬೆರಳುದ್ದ ಇರುವಾಗಲೇ ಕೊಯ್ಯಿರಿ. ಬಾಣಲೆಗೆ ಹಾಕುವ ಮೊದಲು ಒಂದು ಸೀಳು ಕೊಡಿ, ಇಲ್ಲದಿದ್ದರೆ ಸಿಡಿದು ಎಣ್ಣೆ ಮುಖಕ್ಕೆ ಬರುತ್ತದೆ. ತೆಂಗಿನೆಣ್ಣೆ, ಉಪ್ಪು ಸಾಕು. ಕ್ಯೂಬನೆಲ್ ಆದರೆ ಪೋಡಿಗೂ, ಅಂದರೆ ಬಜ್ಜಿಗೂ, ಆಗುತ್ತದೆ.