‘ಯಾವ ಪಾಪಕ್ಕೆ ಈ ಕಾಯಿಲೆ?’ ಅನ್ನುವವರಿಗೆ ಏನು ಹೇಳಲಿ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾವು ಲಿಂಗರಾಜಪುರದವರು. ನಮ್ಮ ಯಜಮಾನರು ಆಟೊ ಓಡಿಸುತ್ತಿದ್ದರು, ವಯಸ್ಸು 44. ಎರಡೂ ಕಿಡ್ನಿ ಕೆಟ್ಟು ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕುಡಿಯುವ ನೀರಿಗೂ ಲೆಕ್ಕ. ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ. ಮನೆಗಳಲ್ಲಿ ಸೇರುವ ಪ್ರಾರ್ಥನಾ ಕೂಟದಲ್ಲಿ ಒಬ್ಬರು, ‘ಒಪ್ಪಿಕೊಳ್ಳದ ಪಾಪ ಏನೋ ಇದೆ, ಅದಕ್ಕೇ ವಾಸಿ ಆಗ್ತಿಲ್ಲ’ ಎಂದರು. ಇನ್ನೊಬ್ಬರು, ‘ದೇವರು ತನಗೆ ಇಷ್ಟವಾದವರನ್ನೇ ಪರೀಕ್ಷೆ ಮಾಡೋದು’ ಎಂದರು. ಆವತ್ತಿನಿಂದ ಕೂಟಕ್ಕೆ ಹೋಗಿಲ್ಲ. ಭಾನುವಾರ ಆರಾಧನೆಯಲ್ಲಿ ಎಲ್ಲರೂ ಹಾಡುವಾಗ ನನಗೆ ಬಾಯೇ ಬರುವುದಿಲ್ಲ. ದೇವರ ಮೇಲೆ ಸಿಟ್ಟು ಬರುತ್ತದೆ. ಇದು ಪಾಪವಾ? ನಮಗೇ ಯಾಕೆ ಹೀಗೆ?
– ಹೆಸರು ಬೇಡ ಎಂದ ಓದುಗರು, ಬೆಂಗಳೂರು

ಉತ್ತರ: ಸಿಟ್ಟಿನ ಮಾತು ಮೊದಲು ಮುಗಿಸಿಬಿಡೋಣ ಅಮ್ಮಾ. ಅದು ಪಾಪ ಅಲ್ಲ. ದೇವರು ಇಲ್ಲವೇ ಇಲ್ಲ ಅಂದುಕೊಂಡವರು ಯಾರ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾರೆ? ನೀವು ಇನ್ನೂ ಅವನ ಜೊತೆ ಮಾತಾಡುತ್ತಿದ್ದೀರಿ. ಸದ್ಯಕ್ಕೆ ಅದು ಜಗಳದ ಮಾತು, ಅಷ್ಟೆ.

ಇನ್ನು ಆ ‘ಒಪ್ಪಿಕೊಳ್ಳದ ಪಾಪ’. ಈ ಮಾತನ್ನು ಯೇಸುವಿನ ಮುಂದೆಯೇ ಎತ್ತಿದ್ದರು. ಹುಟ್ಟು ಕುರುಡನೊಬ್ಬನನ್ನು ತೋರಿಸಿ ಶಿಷ್ಯರು ಕೇಳಿದರು: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಇಬ್ಬರೂ ಅಲ್ಲ ಎಂದ ಯೇಸು. ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೆಗೆದು ನೋಡಿ. ಲೂಕನ 13ನೇ ಅಧ್ಯಾಯದಲ್ಲೂ ಹೀಗೇ. ಸಿಲೋವಾಮಿನ ಬುರುಜು ಕುಸಿದು 18 ಜನ ಸತ್ತಿದ್ದರು. ಅವರೇನು ಊರಲ್ಲಿ ಎಲ್ಲರಿಗಿಂತ ಜಾಸ್ತಿ ಪಾಪಿಗಳಾ ಎಂದು ಯೇಸುವೇ ಕೇಳಿ, ಅಲ್ಲ ಎಂದು ತಾನೇ ಉತ್ತರ ಕೊಟ್ಟ. ‘ಯಾವ ಜನ್ಮದ ಕರ್ಮವೋ’ ಅನ್ನುವ ಮಾತು ನಮ್ಮವರ ನಾಲಿಗೆಗೂ ಅಂಟಿಕೊಂಡಿದೆ. ಅದಕ್ಕೆ ಬೈಬಲ್ ಅಂಗಿ ತೊಡಿಸಿ ಕೂಟಕ್ಕೆ ಕರೆತರುತ್ತೇವೆ, ಅಷ್ಟೆ ವ್ಯತ್ಯಾಸ. ಕಿಡ್ನಿ ಕೆಡುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಶುಗರ್ ಮತ್ತು ಬಿಪಿ. ನಿಮ್ಮ ಯಜಮಾನರಿಗೆ ಯಾವುದರಿಂದ ಆಯಿತು ಅನ್ನುವುದನ್ನು ಡಾಕ್ಟರ್ ಹೇಳಲಿ.

ಎರಡನೆಯವರ ಮಾತು ಇದಕ್ಕಿಂತ ಮೆತ್ತಗಿದೆ, ಆದರೆ ಚುಚ್ಚುವುದು ಅದೇ ಜಾಗಕ್ಕೆ. ಇವರಿಬ್ಬರಿಗೂ ಬೈಬಲಿನ ಯೋಬನ ಗ್ರಂಥದಲ್ಲಿ ಪಾತ್ರ ಇದೆ. ಯೋಬನ ಆಸ್ತಿ ಹೋಯಿತು, ಮಕ್ಕಳು ಸತ್ತರು, ಮೈತುಂಬಾ ಹುಣ್ಣು. ಮೂವರು ಸ್ನೇಹಿತರು ಬಂದರು. ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಗೆ ಎದ್ದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಆಮೇಲೆ ಬಾಯಿ ಬಿಟ್ಟರು ನೋಡಿ, ಅಧ್ಯಾಯದ ಮೇಲೆ ಅಧ್ಯಾಯ ಒಂದೇ ರಾಗ: ನೀನು ಏನೋ ಮಾಡಿರಬೇಕು, ಒಪ್ಪಿಕೋ. ಯೋಬ ಒಪ್ಪಲಿಲ್ಲ. ಹುಟ್ಟಿದ ದಿನವನ್ನು ಶಪಿಸಿದ, ದೇವರನ್ನೇ ವಾದಕ್ಕೆ ಕರೆದ. ಅವನ ಕೆಲವು ಮಾತುಗಳನ್ನು ಇವತ್ತು ಸಭೆಯಲ್ಲಿ ಆಡಿದರೆ ಮೈಕ್ ಕಿತ್ತುಕೊಳ್ಳುತ್ತಾರೆ. ಆದರೆ 42ನೇ ಅಧ್ಯಾಯದಲ್ಲಿ ದೇವರಿಗೆ ಸಿಟ್ಟು ಬಂದಿದ್ದು ಆ ಸ್ನೇಹಿತರ ಮೇಲೆ. ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನೇ, ನೀವಲ್ಲ ಎನ್ನುತ್ತಾನೆ. ದೇವರ ಪರ ವಕಾಲತ್ತು ಮಾಡಿದವರಿಗೆ ಬೈಗುಳ, ಜಗಳ ಆಡಿದವನಿಗೆ ಮರ್ಯಾದೆ!

ಇನ್ನೊಂದು ಗಮನಿಸಿ. ತನಗೇ ಯಾಕೆ ಹೀಗಾಯಿತು ಅನ್ನುವುದು ಯೋಬನಿಗೆ ಕೊನೆವರೆಗೂ ತಿಳಿಯಲಿಲ್ಲ. ದೇವರು ಬಂದು ಮಾತಾಡಿದ, ಕಾರಣ ಮಾತ್ರ ಹೇಳಲಿಲ್ಲ. ಹಾಗಾಗಿ ನಿಮ್ಮ ‘ಯಾಕೆ’ಗೆ ನಾನು ಉತ್ತರ ಕೊಟ್ಟರೆ ಬೈಬಲ್ ಹೇಳದೆ ಬಿಟ್ಟಿದ್ದನ್ನು ಹೇಳಿದ ಹಾಗೆ ಆಗುತ್ತದೆ.

‘ಪೌಲನ ದೇಹದಲ್ಲಿದ್ದ ಮುಳ್ಳು?’ ಎಂದು ಯಾರಾದರೂ ಕೇಳಬಹುದು. ಅಪೊಸ್ತಲ ಪೌಲ ತನ್ನನ್ನು ಕಾಡುತ್ತಿದ್ದ ಒಂದು ಬಾಧೆಯನ್ನು ಹಾಗೆ ಕರೆದಿದ್ದ. ಅದನ್ನು ತೆಗೆದುಬಿಡು ಎಂದು ಅವನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಅನ್ನುವ ಉತ್ತರ ಬಂತು. ನಿಜ. ಆದರೆ ಅದು ಬಂದಿದ್ದು ಪೌಲನಿಗೆ, ಬೇಡಿ ಬೇಡಿ ಸೋತ ಮೇಲೆ. ಪಕ್ಕದ ಮನೆಯವರು ಕಾಫಿ ಕುಡಿಯುತ್ತಾ ಹೇಳಿದ ಮಾತಲ್ಲ. ಕಷ್ಟಕ್ಕೆ ಅರ್ಥ ಇಷ್ಟೇ ಎಂದು ಹೇಳುವ ಹಕ್ಕು ಕಷ್ಟಪಟ್ಟವರದು. ಮುಂದೊಂದು ದಿನ ನೀವೇ ಇದರಲ್ಲಿ ಏನೋ ಕಂಡೆ ಎಂದರೆ ಕೂತು ಕೇಳುತ್ತೇನೆ. ಕಾಣಲಿಲ್ಲ ಎಂದರೂ ನಿಮ್ಮ ನಂಬಿಕೆ ಕಮ್ಮಿ ಅನ್ನುವುದಿಲ್ಲ.

ಹಾಡಲು ಆಗದಿದ್ದರೆ ಹಾಡಬೇಡಿ. ಬೈಬಲಿನ 150 ಕೀರ್ತನೆಗಳಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಗೋಳಾಟವೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಅಡುಗೆಮನೆಯಲ್ಲಿ ಒಬ್ಬರೇ ಇದ್ದಾಗ ಅದನ್ನು ಗಟ್ಟಿಯಾಗಿ ಓದಿ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಏಳು ಮಾತುಗಳನ್ನು ಧ್ಯಾನ ಮಾಡುತ್ತೇವೆ ಅಲ್ವಾ? ನಾಲ್ಕನೆಯದು, ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಅದು 22ನೇ ಕೀರ್ತನೆಯ ಮೊದಲ ಸಾಲು. ನಿಮ್ಮ ‘ಯಾಕೆ’ಯನ್ನು ಯೇಸುವೂ ಕೂಗಿದ್ದಾನೆ. ಅವನಿಗೂ ಮೇಲಿನಿಂದ ಆಗ ಉತ್ತರ ಬರಲಿಲ್ಲ. ಸತ್ತು ಮತ್ತೆ ಎದ್ದು ಬಂದ ಮೇಲೂ ಅವನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು, ನಂಬದಿದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದ. ಸೂಜಿ ಚುಚ್ಚಿ ಚುಚ್ಚಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಜೋಡಿಸಿದ ರಕ್ತನಾಳ) ಉಬ್ಬಿಕೊಂಡಿರುವ ನಿಮ್ಮ ಯಜಮಾನರ ತೋಳು ಅಂಥ ದೇವರಿಗೆ ಹೊಸದಲ್ಲ. ನಾನು ನೆಚ್ಚಿಕೊಂಡಿರುವುದು ಇದೊಂದನ್ನೇ.

ನಮ್ಮ ಸಭೆಗಳ ಮೇಲೂ ನನಗೊಂದು ದೂರಿದೆ. ಸಾಕ್ಷಿ ಹೇಳುವ ಹೊತ್ತಿನಲ್ಲಿ ವಾಸಿಯಾದವರನ್ನು ಮಾತ್ರ ಮುಂದೆ ಕರೆಯುತ್ತೇವೆ. ವಾಸಿಯಾಗದವರು ಹಿಂದಿನ ಬೆಂಚಿಗೆ ಸರಿದು, ಒಂದಿನ ಬರುವುದನ್ನೇ ಬಿಡುತ್ತಾರೆ. ನಿಮಗೆ ಸದ್ಯಕ್ಕೆ ಸಭೆ ಭಾರ ಅನ್ನಿಸಿದರೆ ಗುರುವಾರ ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಹೋಗಿ ಸುಮ್ನೆ ಕೂತು ಬನ್ನಿ. ನಾವು ಸಿಎಸ್‌ಐ ಸಭೆಯ ಪ್ರೊಟೆಸ್ಟಂಟರು, ಅದು ಕ್ಯಾಥೊಲಿಕರದು ಅನ್ನುವ ಸಂಕೋಚ ಬೇಡ. ಅಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ.

ಇನ್ನು ಕೆಲಸದ ಮಾತು. ‘ನಂಬಿಕೆ ಇದ್ದರೆ ಡಯಾಲಿಸಿಸ್ ನಿಲ್ಲಿಸಿ’ ಎಂದು ಯಾರಾದರೂ ಹೇಳಿದರೆ, ಎಂಥ ದೊಡ್ಡ ಪ್ರಸಂಗಿಯೇ ಆಗಿರಲಿ, ಬಾಗಿಲು ತೋರಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ಉಚಿತವಾಗಿ ಮಾಡುತ್ತಾರೆ, ಖಾಸಗಿಯಲ್ಲಿ ದುಡ್ಡು ಕಟ್ಟುತ್ತಿದ್ದರೆ ವಿಚಾರಿಸಿ. ಕಿಡ್ನಿ ಕಸಿ ಆಗಬಹುದಾ, ಅಂಗಾಂಗ ಕಸಿ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಬಹುದಾ ಎಂದು ಡಾಕ್ಟರನ್ನು ಕೇಳಿ. ನಿಮಗೇ ನಿದ್ದೆ ಬಾರದೆ, ಬದುಕೇ ಸಾಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕೂಟದವರು ಮತ್ತೆ ಮನೆಗೆ ಬಂದು ‘ಏನು ಪ್ರಾರ್ಥನೆ ಮಾಡೋಣ’ ಅಂದರೆ, ‘ಮುಂದಿನ ಸಲ ಡಯಾಲಿಸಿಸ್‌ಗೆ ನೀವು ಅವರ ಜೊತೆ ಹೋಗ್ತೀರಾ? ನಾಲ್ಕು ಗಂಟೆ ನಾನು ಮಲಗಬೇಕು’ ಎಂದು ಕೇಳಿ. ಇಬ್ಬರಲ್ಲಿ ಒಬ್ಬರಾದರೂ ಬಂದಾರು.