ಪ್ರತಿಕ್ರಿಯೆ: ಖರ್ದುಂಗ್ ಲಾ ಓಟಕ್ಕೆ ನಾಲ್ಕು ದಿನ ಮೊದಲು ಹೋದರೆ ಸಾಕೇ?

ಬೆಂಗಳೂರಿನಿಂದ ನಾಲ್ಕು ದಿನ ಮೊದಲು ಲೇಹ್‌ಗೆ ಹಾರಿ, ಲಡಾಖ್‌ನ ಖರ್ದುಂಗ್ ಲಾದ (ಲಾ ಎಂದರೆ ಪರ್ವತಗಳ ನಡುವಿನ ಎತ್ತರದ ದಾರಿ) 72 ಕಿ.ಮೀ. ಓಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ದೇಹ ಎತ್ತರಕ್ಕೆ ಒಗ್ಗಲು ಹತ್ತು-ಹನ್ನೆರಡು ದಿನವಾದರೂ ಇಟ್ಟುಕೊಳ್ಳಿ. ಲೇಹ್ ಇರುವುದೇ 3,500 ಮೀಟರ್‌ನಲ್ಲಿ, ಲಾ ಸುಮಾರು 5,370. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು.

ಮೊದಲೆರಡು ದಿನ ಓಟವೇ ಬೇಡ, ಬರೀ ನಿಧಾನ ನಡಿಗೆ. ಆಮೇಲೆ ಹಗಲು ಮೇಲೆ ಹತ್ತಿ, ರಾತ್ರಿ ಕೆಳಗೆ ಬಂದು ಮಲಗಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಸಾಮಾನ್ಯವಾಗಿ 125 ಮಿ.ಗ್ರಾಂ., ದಿನಕ್ಕೆರಡು ಸಲ, ಏರುವ ಹಿಂದಿನ ದಿನದಿಂದ. ಆದರೆ ವೈದ್ಯರನ್ನು ಕೇಳಿಯೇ ತಗೊಳ್ಳಿ. ಸಲ್ಫಾ ಔಷಧಿಗಳಿಗೆ ಅಲರ್ಜಿಯಿದ್ದರೆ ಮೊದಲೇ ಹೇಳಿ.

ಓಟ ಶುರುವಾಗುವ ಖರ್ದುಂಗ್ ಹಳ್ಳಿಯಿಂದ ಲಾವರೆಗೆ ಸುಮಾರು 32 ಕಿ.ಮೀ. ಏರು. ಒಂದು ಪೂರ್ತಿ ವಾಕ್ಯ ಆಡಲಾಗದಷ್ಟು ಏದುಸಿರು ಬಂದರೆ ನಡೆಯಿರಿ. ನಸುಕಿನ ಚಳಿಗೆ ನೀರಿನ ಚೀಲದ ಕೊಳವೆ ಹೆಪ್ಪುಗಟ್ಟುತ್ತದೆ: ಪ್ರತಿ ಗುಟುಕಿನ ನಂತರ ಊದಿ ನೀರನ್ನು ಚೀಲಕ್ಕೆ ವಾಪಸ್ ತಳ್ಳಿ. ಓಡುವಾಗ ಶಕ್ತಿಗೆ ತಿನ್ನುವ ಜೆಲ್‌ಗಳೂ ಗಟ್ಟಿಯಾಗದಂತೆ ಒಳಜೇಬಿನಲ್ಲಿರಲಿ.

ತಲೆನೋವಿನ ಜೊತೆ ವಾಂತಿ ಶುರುವಾದರೆ ಮೇಲೇರಬೇಡಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ಹಾಕಿ ನೋಡಿ. ತೂರಾಡಿದರೆ, ಅಥವಾ ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ಓಟ ಬಿಟ್ಟು ತಕ್ಷಣ ಕೆಳಗಿಳಿಯಿರಿ. ಆ ಸ್ಥಿತಿಯಲ್ಲಿ ಒಬ್ಬರೇ ಇಳಿಯಬೇಡಿ, ವೈದ್ಯಕೀಯ ವಾಹನ ಕೇಳಿ.