ಕಡಲ ಬಂಡೆಯಲ್ಲಿ ಸಿಕ್ಕ ಉದ್ದ ದವಡೆಯ ಜೇಡ ಡೆಸಿಸ್ ಕುಲದ ಹೊಸ ಪ್ರಭೇದವೇ? ಫೋಟೋ ನೋಡಿ ಹೇಳಬಹುದಾ?

ಹೇಳಲು ಬರುವುದಿಲ್ಲ. ನಾನಲ್ಲ, ಯಾರೂ ಹೇಳಲಾರರು.

ಕುಮಟಾದ ಬಂಡೆ ಸಂದಿಯಲ್ಲಿ ಜೇಡ ಸಿಕ್ಕಿತು, ದವಡೆ ಉದ್ದ ಇದೆ, ಹಾಗಾಗಿ ಅದು ಡೆಸಿಸ್ ಎಂಬ ಕಡಲ ಜೇಡದ ಕುಲ. ಇಂಟರ್ನೆಟ್ಟಿನ ಯಾವ ಚಿತ್ರದ ದವಡೆಗೂ ಅದು ಹೊಂದುವುದಿಲ್ಲ, ಹಾಗಾಗಿ ಹೊಸ ಪ್ರಭೇದ. ನಿಮ್ಮ ಈ ಲೆಕ್ಕ ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಇದೇ ಲೆಕ್ಕ ಹಾಕಿ ನಾನು ಒಂದು ಸೆಮಿಸ್ಟರ್ ಫೀಸು ಕಳೆದುಕೊಂಡವನು. ಅದೂ ನ್ಯೂಜಿಲೆಂಡಿನ ಡಾಲರ್‌ನಲ್ಲಿ.

ಎಂಎಸ್ಸಿ ಮಾಡಲು ಅಲ್ಲಿಗೆ ಹೋಗಿದ್ದೆ. ದಕ್ಷಿಣ ದ್ವೀಪದ ಕೈಕೌರಾ ಕರಾವಳಿಯಲ್ಲಿ ಕೆಲಸ. ಅಲ್ಲಿರುವ ಡೆಸಿಸ್ ಒಂದೇ, ಡೆಸಿಸ್ ಮರೀನಾ. 1877ರಲ್ಲಿ ಜೇಮ್ಸ್ ಹೆಕ್ಟರ್ ಹೆಸರಿಟ್ಟದ್ದು. ಬುಲ್ ಕೆಲ್ಪ್ ಅಂತ ದೊಡ್ಡ ಕಡಲಪಾಚಿ ಇದೆ. ಚರ್ಮದ ಪಟ್ಟಿಯಂಥ ಎಲೆ, ಬಂಡೆಗೆ ಕಚ್ಚಿಕೊಳ್ಳುವ ಗಟ್ಟಿ ಬುಡ. ಹುಳುಗಳು ಆ ಬುಡದಲ್ಲಿ ತೂತು ಕೊರೆದಿರುತ್ತವೆ. ಆ ತೂತಿನೊಳಗೆ ರೇಷ್ಮೆಯ ಗೂಡು ನೇಯ್ದು, ಗಾಳಿ ಹಿಡಿದಿಟ್ಟುಕೊಂಡು ಈ ಜೇಡ ಕೂತಿರುತ್ತದೆ. ಮೇಲೆ ಸಮುದ್ರ ಅಪ್ಪಳಿಸುತ್ತಿರುತ್ತದೆ, ಇದಕ್ಕೆ ಚಿಂತೆಯಿಲ್ಲ. ರಾತ್ರಿ ಇಳಿತವಾದಾಗ ಹೊರಗೆ ಬಂದು ಆಂಫಿಪಾಡ್, ಐಸೊಪಾಡ್‌ನಂಥ ಸಣ್ಣ ಸಿಗಡಿ ಜಾತಿಯ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಬಲೆ ಹಾಕಿ ಕಾಯುವ ಜೇಡ ಅಲ್ಲ, ಬೇಟೆಗಾರ.

ನೀರಿನ ಕೆಳಗೆ ಎಷ್ಟು ದಿನ ಇರಬಲ್ಲದು ಗೊತ್ತಾ? ಮೆಕ್‌ಕ್ವೀನ್ ಮತ್ತು ಮೆಕ್‌ಲೇ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಿ 1983ರಲ್ಲಿ ಬರೆದರು. 19 ದಿನ. ಗೂಡಿನ ಗಾಳಿ ಒಂದು ಕಾರಣ. ಇನ್ನೊಂದು, ಈ ಜೇಡ ಆಮ್ಲಜನಕವನ್ನು ತೀರಾ ಕಡಿಮೆ ಖರ್ಚು ಮಾಡುತ್ತದೆ. ಮೈಮೇಲಿನ ಒತ್ತು ಕೂದಲು ಕೂಡ ಗಾಳಿಯ ತೆಳು ಪದರ ಹಿಡಿದುಕೊಳ್ಳುತ್ತದೆ. ನೀರಲ್ಲಿ ಮುಳುಗಿಸಿದರೆ ಹೊಟ್ಟೆ ಬೆಳ್ಳಿಯ ಹಾಗೆ ಹೊಳೆಯುವುದು ಅದಕ್ಕೇ. ಈ ವಿಷಯಕ್ಕೆ ನಾನು ಮನಸೋತಿದ್ದೆ. ಉಸಿರಾಟದ ಮೇಲೇ ಕೆಲಸ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನನಗೆ ಹೆಸರಿಡುವ ಹುಚ್ಚು ಹಿಡಿಯಿತು.

ಆದದ್ದು ಇಷ್ಟು. ಹಿಡಿದ ಜೇಡಗಳನ್ನು ಮೇಜಿನ ಮೇಲೆ ಹರಡಿದಾಗ ಎರಡು ಥರ ಕಂಡವು. ಒಂದಕ್ಕೆ ದವಡೆ ಭಾರಿ ಉದ್ದ, ತಲೆಯ ಮುಂದೆ ಚಾಚಿಕೊಂಡಿದೆ. ಇನ್ನೊಂದಕ್ಕೆ ಗಿಡ್ಡ. ದವಡೆ ಅಂದರೆ ಕೆಲಿಸೆರೆ, ತುದಿಯಲ್ಲಿ ಕೋರೆ ಇರುವ ಜೋಡಿ. ಡೆಸಿಸ್ ಕುಲದ ಗುರುತೇ ಅದು. 1793ರಲ್ಲಿ ಫ್ಯಾಬ್ರಿಸಿಯಸ್ ಮೊದಲನೇ ಪ್ರಭೇದಕ್ಕೆ ಮ್ಯಾಕ್ಸಿಲೋಸಾ ಅಂತ ಹೆಸರಿಟ್ಟ. 1837ರಲ್ಲಿ ವಾಲ್ಕೆನೇರ್ ಅದಕ್ಕಾಗಿ ಡೆಸಿಸ್ ಎಂಬ ಕುಲ ಮಾಡಿದ. ಅವತ್ತಿನಿಂದ ಇವತ್ತಿನವರೆಗೆ ಈ ಜೇಡದ ಯಾವ ಚಿತ್ರ ನೋಡಿದರೂ ಮೊದಲು ಕಾಣುವುದು ದವಡೆಯೇ. ಹಾಗಾಗಿ ನನ್ನ ಕಣ್ಣೂ ಅಲ್ಲೇ ನೆಟ್ಟಿತು.

ನಾನು ಪೂರಾ ಪೆದ್ದನೇನಲ್ಲ. ವಯಸ್ಸಾದ ಹಾಗೆ ದವಡೆ ದೊಡ್ಡದಾಗುತ್ತದೆ ಅಂತ ಗೊತ್ತಿತ್ತು. ಅದಕ್ಕೇ ದವಡೆಯ ಉದ್ದವನ್ನು ಕ್ಯಾರಪೇಸ್ ಉದ್ದದಿಂದ ಭಾಗಿಸಿದೆ. ಕ್ಯಾರಪೇಸ್ ಅಂದರೆ ತಲೆ ಮತ್ತು ಎದೆ ಸೇರಿದ ಭಾಗದ ಮೇಲಿನ ಚಿಪ್ಪು. ಹೀಗೆ ಭಾಗಿಸಿದರೆ ವಯಸ್ಸಿನ ಪ್ರಭಾವ ಹೋಯಿತು, ಉಳಿದದ್ದು ಪ್ರಭೇದದ ವ್ಯತ್ಯಾಸ ಅಂದುಕೊಂಡೆ. ಗ್ರಾಫ್ ಹಾಕಿದೆ. ಎರಡು ಗುಡ್ಡ, ನಡುವೆ ಚೊಕ್ಕಟವಾದ ಕಣಿವೆ. ಅಂಥ ಚೆಂದದ ಗ್ರಾಫ್ ನನ್ನ ಕೈಯಿಂದ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಎರಡು ಪ್ರಭೇದ! ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಹೊಸ ಜೇಡಕ್ಕೆ ಅಜ್ಜಿಯ ಹೆಸರು ಇಡುವುದು ಅಂತಲೂ ತೀರ್ಮಾನ ಆಯಿತು.

ಇಲ್ಲಿ ಎರಡು ಕಡೆ ಎಡವಿದ್ದೆ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಹಿಂದೆ ಇರುವುದೂ ಇವೇ.

ಮೊದಲನೆಯದು ಭಾಗಾಕಾರ. ದವಡೆ ಮತ್ತು ಕ್ಯಾರಪೇಸ್ ಒಂದೇ ವೇಗದಲ್ಲಿ ಬೆಳೆದರೆ ಮಾತ್ರ ಆ ಅನುಪಾತ ಮರಿಗೂ ದೊಡ್ಡದಕ್ಕೂ ಒಂದೇ ಇರುತ್ತದೆ. ನನ್ನ ಜೇಡಗಳಲ್ಲಿ ಹಾಗೆ ಇರಲಿಲ್ಲ. ಬಲಿಯುತ್ತಾ ಬಂದ ಹಾಗೆ ದವಡೆ ಮೈಗಿಂತ ಜಾಸ್ತಿ ವೇಗದಲ್ಲಿ ಬೆಳೆದಿತ್ತು. ಅಂದರೆ ವಯಸ್ಸನ್ನು ತೆಗೆದುಹಾಕಲು ಮಾಡಿದ ಲೆಕ್ಕದಲ್ಲಿ ಉಳಿದದ್ದೇ ವಯಸ್ಸು.

ಎರಡನೆಯದು ಆ ಎರಡು ಗುಡ್ಡ. ಜೇಡ ನಮ್ಮ ಹಾಗೆ ದಿನಾ ಒಂದಿಷ್ಟು ಬೆಳೆಯುವುದಿಲ್ಲ. ಅದರ ಹೊರಚಿಪ್ಪು ಗಟ್ಟಿ. ಪೊರೆ ಕಳಚಿದಾಗ ಒಮ್ಮೆಲೇ ದೊಡ್ಡದಾಗುತ್ತದೆ, ಮತ್ತೆ ಮುಂದಿನ ಪೊರೆಯವರೆಗೆ ಚಿಪ್ಪಿನ ಅಳತೆ ಬದಲಾಗುವುದಿಲ್ಲ. ಹೊಟ್ಟೆ ಮಾತ್ರ ಉಬ್ಬಬಹುದು. ಹಾಗಾಗಿ ದವಡೆ ಅಳೆದು ಗ್ರಾಫ್ ಹಾಕಿದರೆ ಗುಡ್ಡ-ಕಣಿವೆ ಬಂದೇ ಬರುತ್ತದೆ. ಒಂದು ಗುಡ್ಡ ಕೊನೆಯ ಪೊರೆಗೆ ಮೊದಲಿನವು, ಇನ್ನೊಂದು ಕೊನೆಯ ಪೊರೆ ಕಳಚಿ ಬಲಿತವು. ಒಂದೇ ಪ್ರಭೇದ, ಒಂದೇ ಬಂಡೆ. ಪ್ರಾಯಶಃ ಅವ್ವ-ಮಕ್ಕಳು.

ಇದನ್ನು ನನಗೆ ತೋರಿಸಿಕೊಟ್ಟವರು ಒಂದು ಮ್ಯೂಸಿಯಂನ ವಯಸ್ಸಾದ ಜೇಡ ತಜ್ಞೆ. ಗ್ರಾಫ್ ಕಡೆ ಅವರು ನೋಡಲೇ ಇಲ್ಲ. "ಗಿಡ್ಡ ದವಡೆಯದರಲ್ಲಿ ಬಲಿತ ಗಂಡು ಯಾವುದು, ತೋರಿಸು" ಅಂದರು. ನಾನು ಹೆಮ್ಮೆಯಿಂದ ಒಂದು ಸೀಸೆ ಮುಂದಿಟ್ಟೆ. ಪಾಲ್ಪ್ ಉಬ್ಬಿತ್ತು, ಗಂಡು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಅವರು ಮೈಕ್ರೋಸ್ಕೋಪಿನ ಕೆಳಗೆ ಅದನ್ನು ಮೆಲ್ಲಗೆ ಮಗುಚಿ, ನೋಡು ಅಂತ ಜಾಗ ಬಿಟ್ಟರು. ಪಾಲ್ಪ್ ತುದಿ ಅರಳದ ಮೊಗ್ಗಿನ ಹಾಗೆ ನುಣ್ಣಗಿತ್ತು.

ಪಾಲ್ಪ್ ಅಂದರೆ ಬಾಯಿಯ ಪಕ್ಕ ಇರುವ ಸಣ್ಣ ಕಾಲಿನಂಥ ಜೋಡಿ. ಬಲಿತ ಗಂಡಿನಲ್ಲಿ ಅದರ ತುದಿಯಲ್ಲಿ ವೀರ್ಯ ತುಂಬಿಕೊಳ್ಳುವ ಬಲ್ಬ್ ಇರುತ್ತದೆ. ಆ ಬಲ್ಬಿನಿಂದ ಎಂಬೋಲಸ್ ಎಂಬ ಕೊಳವೆ ಹೊರಡುತ್ತದೆ. ಅದರ ಹಿಂದಿನ ಗಿಣ್ಣಿನಲ್ಲಿ ಮುಳ್ಳಿನಂಥ ಚಾಚು ಇರುತ್ತದೆ. ಇವುಗಳ ಆಕಾರ, ತಿರುವು, ಅಳತೆ ನೋಡಿಯೇ ಪ್ರಭೇದ ಹೇಳುವುದು. ಹೆಣ್ಣಿನಲ್ಲಿ ಹೊಟ್ಟೆಯ ಕೆಳಗಿನ ಎಪಿಜೈನ್ ಎಂಬ ಗಟ್ಟಿ ತಟ್ಟೆ, ಅದರ ಒಳಗಿನ ನಾಳಗಳು. ಒಳಭಾಗ ಕಾಣಬೇಕಾದರೆ ಆ ತಟ್ಟೆಯನ್ನು ಬಿಡಿಸಿ ಲವಂಗದ ಎಣ್ಣೆಯಲ್ಲಿ ಇಡುತ್ತಾರೆ, ಆಗ ಅದು ಪಾರದರ್ಶಕ ಆಗುತ್ತದೆ. (ನಮ್ಮ ಲ್ಯಾಬಿನಲ್ಲಿ ಸಂಜೆ ಹೊತ್ತು ಪಲಾವಿನ ವಾಸನೆ. ಊರು ಬಿಟ್ಟವನಿಗೆ ಅದಕ್ಕಿಂತ ಹಿಂಸೆ ಬೇಕಾ!) ಇವೆಲ್ಲ ಬರುವುದು ಕೊನೆಯ ಪೊರೆ ಕಳಚಿದ ಮೇಲೆ. ಅದಕ್ಕೆ ಮೊದಲಿನ ಹಂತದಲ್ಲಿ ಗಂಡಿನ ಪಾಲ್ಪ್ ಬರೀ ಉಬ್ಬಿರುತ್ತದೆ, ಒಳಗೆ ಅಂಗ ರೂಪುಗೊಳ್ಳುತ್ತಿರುತ್ತದೆ. ಹೆಣ್ಣಿಗೆ ತಟ್ಟೆಯೇ ಇರುವುದಿಲ್ಲ. ನನ್ನ ಗಿಡ್ಡ ದವಡೆಯ ರಾಶಿಯಲ್ಲಿ ಬಲಿತದ್ದು ಒಂದೂ ಇರಲಿಲ್ಲ. ಒಂದೂ!

ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಆ ಜೇಡಗಳನ್ನು ಹಿಡಿದ ಕೂಡಲೇ ಆಲ್ಕೋಹಾಲಿಗೆ ಹಾಕಿದ್ದೆ. ನಾಲ್ಕನ್ನು ಒದ್ದೆ ಪಾಚಿಯ ತುಂಡಿನ ಜೊತೆ ಡಬ್ಬಿಯಲ್ಲಿ ಜೀವಂತ ಇಟ್ಟಿದ್ದರೆ ಸಾಕಿತ್ತು. ಅವು ಪೊರೆ ಕಳಚಿ, ಉದ್ದ ದವಡೆ ಬೆಳೆಸಿಕೊಂಡು, ನನ್ನ ಎರಡು ಪ್ರಭೇದ ಒಂದೇ ಅಂತ ಖುದ್ದು ಹೇಳುತ್ತಿದ್ದವು. ಖರ್ಚು ಸೊನ್ನೆ. ಬದಲಿಗೆ ಥೀಸಿಸ್ಸಿನ ಮುಖ್ಯ ಅಧ್ಯಾಯವೇ ಹೋಯಿತು, ಅವಧಿ ವಿಸ್ತರಿಸಬೇಕಾಯಿತು, ಫೀಸಿಗಾಗಿ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದೆ. ಅಜ್ಜಿಗೆ ವಿಷಯ ಮುಟ್ಟಿ ಆಗಿತ್ತು. "ನನ್ನ ಜೇಡ ಎಲ್ಲಿಗೆ ಬಂತು?" ಅಂತ ಫೋನ್ ಮಾಡಿದಾಗೆಲ್ಲ ಕೇಳುತ್ತಿದ್ದರು.

ಈಗ ನಿಮ್ಮ ಜೇಡ. ಮೊದಲಿಗೆ, ಅದು ಡೆಸಿಸ್ ಅಂತಲೇ ನಾನು ಒಪ್ಪುವುದಿಲ್ಲ. ಕಡಲ ಬಂಡೆಯಲ್ಲಿ ಸಿಕ್ಕಿದ್ದೆಲ್ಲ ಕಡಲ ಜೇಡ ಅಲ್ಲ. ತೋಳಜೇಡ, ಹಾರುಜೇಡಗಳು ಇಳಿತದ ಹೊತ್ತಿಗೆ ಬಂಡೆಗೆ ಇಳಿದು ಬೇಟೆಯಾಡಿ ವಾಪಸ್ ಹೋಗುತ್ತವೆ. ಉದ್ದ ದವಡೆ ಟೆಟ್ರಾಗ್ನಾಥಾ ಕುಲಕ್ಕೂ ಇದೆ. ಅದು ನಮ್ಮ ಕೆರೆ, ಗದ್ದೆ, ಹೊಳೆಯಂಚಿನಲ್ಲೆಲ್ಲ ಇರುವ ಕಡ್ಡಿಯಂಥ ಮೈಯ ಜೇಡ, ದುಂಡು ಬಲೆ ಹಾಕುತ್ತದೆ. ಡೆಸಿಸ್ ದಪ್ಪ ಮೈಯದು. ಮುಂಭಾಗ ಕೆಂಪುಗಂದು, ಹೊಟ್ಟೆ ಬೂದು, ಮೋಟು ಕೂದಲು. ಎಂಟು ಸಣ್ಣ ಕಣ್ಣು, ಎರಡು ಸಾಲು. ಮುಂದಿನ ಎರಡು ಕಣ್ಣು ದೊಡ್ಡದಾಗಿ ನಿಮ್ಮನ್ನೇ ನೋಡುತ್ತಿದ್ದರೆ ಅದು ಹಾರುಜೇಡ, ಅಲ್ಲಿಗೆ ಕತೆ ಮುಗಿಯಿತು. ಹೊಟ್ಟೆಯ ಕೆಳಭಾಗ ನೋಡಲು ಸಿಕ್ಕರೆ ಉಸಿರಿನ ರಂಧ್ರ ಹುಡುಕಿ. ಎಷ್ಟೋ ಜೇಡಗಳಲ್ಲಿ ಅದು ನೂಲುವ ಅಂಗಗಳಿಗೆ ತಾಗಿಕೊಂಡಿರುತ್ತದೆ, ಡೆಸಿಸ್‌ನಲ್ಲಿ ಸಾಕಷ್ಟು ಮುಂದೆ ಇರುತ್ತದೆ. ಅಲ್ಲಿಂದ ಹೊರಟ ಗಾಳಿ ಕೊಳವೆಗಳು ಕವಲೊಡೆದು ಸೊಂಟ ದಾಟಿ ಎದೆಯವರೆಗೆ ಹೋಗುತ್ತವೆ. ಆದರೆ ಅದನ್ನು ಕಾಣಲು ಕೊಯ್ದೇ ನೋಡಬೇಕು. ನೀವು ಕೊಯ್ಯಬೇಡಿ.

ಹಾಗಂತ ನಮ್ಮ ಕರಾವಳಿಯಲ್ಲಿ ಹುಡುಕುವುದು ಹುಚ್ಚು ಕೆಲಸ ಅಂತಲ್ಲ. 1904ರಲ್ಲಿ ಪೊಕಾಕ್ ಲಕ್ಷದ್ವೀಪದಿಂದ ಡೆಸಿಸ್ ಗಾರ್ಡಿನೆರಿಯನ್ನು ವರ್ಣಿಸಿದ್ದಾನೆ. ಮಂಗಳೂರಿನ ಹಳೆ ಬಂದರಿನಿಂದ ಸಾಮಾನು ಹೋಗುವ ಅದೇ ದ್ವೀಪಗಳು. 1927ರಲ್ಲಿ ಮದ್ರಾಸ್ ಮ್ಯೂಸಿಯಂನ ಗ್ರೇವ್ಲಿ ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದಿಂದ ಡೆಸಿಸ್ ಇನರ್ಮಿಸ್ ಅಂತ ಹೆಸರಿಟ್ಟರು. ಸಿಂಗಪುರದ ಡೆಸಿಸ್ ಮಾರ್ಟೆನ್ಸಿ, ದಕ್ಷಿಣ ಆಫ್ರಿಕದ ಫಾರ್ಮಿಡಬಿಲಿಸ್, ಸಮೋವಾದ ವೊರಾಕ್ಸ್, ಹೀಗೆ ಸುಮಾರು 15 ಪ್ರಭೇದಗಳ ಕುಲ ಇದು. ಬಹಳಷ್ಟು ಹಿಂದೂ ಮಹಾಸಾಗರ, ಪೆಸಿಫಿಕ್ ತೀರಗಳಲ್ಲಿವೆ. ಆದ್ದರಿಂದ ಕುಮಟಾದಲ್ಲಿ ಸಿಕ್ಕರೆ ನಾನೇನೂ ಕುರ್ಚಿಯಿಂದ ಬೀಳುವುದಿಲ್ಲ. ಆದರೆ ನಿಮ್ಮದು ಹೊಸತು ಅನ್ನಬೇಕಾದರೆ ಗಾರ್ಡಿನೆರಿ, ಇನರ್ಮಿಸ್ ಎರಡೂ ಅಲ್ಲ ಅಂತ ತೋರಿಸಬೇಕು. ಅದಕ್ಕೆ ಮೂಲ ಮಾದರಿಗಳ (ಮೊದಲು ಹೆಸರಿಟ್ಟಾಗ ಆಧಾರವಾಗಿದ್ದ ಜೇಡಗಳ) ಜೊತೆ ಪಾಲ್ಪ್‌ಗೆ ಪಾಲ್ಪ್, ಎಪಿಜೈನ್‌ಗೆ ಎಪಿಜೈನ್ ಇಟ್ಟು ನೋಡಬೇಕು.

ಗಾಯಕ ಬಾಬ್ ಮಾರ್ಲಿ ಹೆಸರಿನ ಜೇಡದ ಸುದ್ದಿ ನೀವು ಓದಿರಬೇಕು, ಪ್ರಶ್ನೆಯಲ್ಲಿ ಅದರ ಹುರುಪು ಕಾಣುತ್ತದೆ. ಡೆಸಿಸ್ ಬಾಬ್‌ಮಾರ್ಲಿ, ಕ್ವೀನ್ಸ್‌ಲೆಂಡ್‌ನ ಹವಳದ ಮೇಲೆ ಸಿಕ್ಕದ್ದು. ಸುದ್ದಿಯಲ್ಲಿ ಹೆಸರಷ್ಟೇ ಬಂತು. ಜೇಡ ಸಿಕ್ಕದ್ದು 2009ರ ಜನವರಿಯಲ್ಲಿ, ಪ್ರಕಟವಾದದ್ದು 2017ರ ಡಿಸೆಂಬರ್‌ನಲ್ಲಿ. ಅದೂ ಸುಮ್ನೆ ಹೊಸದನ್ನು ವರ್ಣಿಸಿ ಬಿಡಲಿಲ್ಲ. ಪಕ್ಕದ ಸಂಬಂಧಿ ಸಮೋವಾದ ವೊರಾಕ್ಸ್‌ನ ಹಳೆಯ ಕಡತವನ್ನೂ ಅದೇ ಪ್ರಬಂಧದಲ್ಲಿ ಬಿಚ್ಚಿ ಸರಿಮಾಡಿದರು. ಹೊಸ ಹೆಸರಿಗಿಂತ ಆ ಎರಡನೇ ಕೆಲಸಕ್ಕೆ ನಾನು ಜಾಸ್ತಿ ಮರ್ಯಾದೆ ಕೊಡುತ್ತೇನೆ. ನನ್ನ ಕೇಳಿದರೆ, ಹೊಸ ಪ್ರಭೇದ ಹುಡುಕಬೇಡಿ. ಗಾರ್ಡಿನೆರಿಯನ್ನೋ ಇನರ್ಮಿಸನ್ನೋ ಸರಿಯಾಗಿ ಮತ್ತೆ ಹುಡುಕಿ, ಚೆನ್ನಾಗಿ ಚಿತ್ರ ಬರೆದು, ಯಾವ ಎತ್ತರದ ಬಂಡೆಯಲ್ಲಿ ಯಾವ ಉಬ್ಬರಕ್ಕೆ ಮುಳುಗುತ್ತದೆ ಅಂತ ದಾಖಲಿಸುವವರು ಬೇಕು. ಅದಕ್ಕೆ ಪೇಪರಿನವರು ಬರುವುದಿಲ್ಲ, ಅಷ್ಟೇ.

ಆ ಒಂದು ಜೇಡವನ್ನು ಹಿಡಿದು ಸೀಸೆಗೆ ಹಾಕಲೇ ಅಂತಲೂ ಕೇಳಿದ್ದೀರಿ. ಬೇಡ. ಒಂದೇ ಇದ್ದರೆ, ಅದೂ ಬಲಿಯದ್ದಾಗಿದ್ದರೆ, ಸೀಸೆಯಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ. ಜೀವಂತ ಸಾಕುತ್ತೇನೆ ಅನ್ನುವ ಧೈರ್ಯ ಇದ್ದರೆ ಜೇಡ ಗೊತ್ತಿರುವ ಅಧ್ಯಾಪಕರನ್ನು ಜೊತೆಗೆ ಸೇರಿಸಿಕೊಳ್ಳಿ, ಅನುಮತಿ ಏನು ಬೇಕು ಅಂತ ಅವರನ್ನೇ ಕೇಳಿ. ಡಬ್ಬಿಯ ತಳಕ್ಕೆ ಸಮುದ್ರದ ನೀರಲ್ಲಿ ಅದ್ದಿದ ಪಾಚಿ, ಒಂದು ಪೊಳ್ಳು ಚಿಪ್ಪು, ಬಿಸಿಲು ತಾಗದ ಜಾಗ. ಒಂದು ಡಬ್ಬಿಗೆ ಒಂದೇ ಜೇಡ, ಎರಡಿಟ್ಟರೆ ಬೆಳಿಗ್ಗೆ ಒಂದೇ ಇರುತ್ತದೆ. ಕಳಚಿದ ಪೊರೆಯನ್ನು ಎಸೆಯಬೇಡಿ, ದವಡೆಯ ಚಿಪ್ಪು ಅದರಲ್ಲೇ ಇರುತ್ತದೆ. ಹಳೆ ಅಳತೆ, ಹೊಸ ಅಳತೆ ಎರಡೂ ಸಿಗುತ್ತವೆ.

ಸದ್ಯಕ್ಕೆ ಇನ್ನೂ ಮೂರು ಫೋಟೋ ಹಾಕಿ. ಕಣ್ಣು ಕಾಣುವ ಹಾಗೆ ಮುಖದ್ದು, ಪಾಲ್ಪ್ ತುದಿಯದ್ದು ಪಕ್ಕದಿಂದ, ಹೊಟ್ಟೆಯ ಕೆಳಭಾಗದ್ದು. ಗಾಜಿನ ಲೋಟದ ಕೆಳಗಿನಿಂದ ತೆಗೆದರೂ ನಡೆಯುತ್ತದೆ. ದವಡೆಯ ಫೋಟೋ ಬೇಡ.